ಸುಧಾರಣಾ ಯೋಜನೆಯ ಫಲ: ಲಾಭ-ನಷ್ಟದ ತಖ್ತೆಯಲ್ಲಿ ಕಾಣದ ಎರಡು ಅಂಶಗಳು

ಉತ್ಪಾದನಾ ಘಟಕಗಳಲ್ಲಿ ಸುಧಾರಣಾ ಯೋಜನೆಗಳನ್ನು ಕೈಗೊಳ್ಳುವುದು ಇಂದು ದೊಡ್ಡ ಕಂಪನಿಗಳಿಗಷ್ಟೇ ಮೀಸಲಾದ ವಿಷಯವಾಗಿ ಉಳಿದಿಲ್ಲ. ಕುಕ್ ಟೌನ್‌ನಿಂದ ಬಾಣಸವಾಡಿ, ಮಹದೇವಪುರ, ಕೃಷ್ಣರಾಜಪುರದವರೆಗೆ ಹರಡಿರುವ, ಇಪ್ಪತ್ತು ಮೂವತ್ತು ಮಂದಿ ದುಡಿಯುವ ಪ್ರೆಸ್ ಶಾಪ್‌ಗಳೂ ಮೆಷಿನ್ ಶಾಪ್‌ಗಳೂ ಗ್ರಾಹಕ ಕಂಪನಿಯ ಒತ್ತಾಯದಿಂದಲೋ ಸ್ವಂತ ಆಸಕ್ತಿಯಿಂದಲೋ 5ಎಸ್, ಕೈಜೆನ್, ಲೀನ್ ಮುಂತಾದ ಹೆಸರುಗಳಲ್ಲಿ ಇಂಥ ಯೋಜನೆಗಳನ್ನು ಆರಂಭಿಸುತ್ತಿವೆ. ಆದರೆ ಆರಂಭವಾದವುಗಳಲ್ಲಿ ಹಲವು ಎರಡನೆಯ ವರ್ಷವನ್ನು ಕಾಣುವುದಿಲ್ಲ. ಆಯುಧಪೂಜೆಯಂದು ಒರೆಸಿ ಕುಂಕುಮವಿಟ್ಟ ಯಂತ್ರದ ಸುತ್ತಲಿನ ಶುಚಿತ್ವ ದೀಪಾವಳಿಯ ಹೊತ್ತಿಗೆ ಮಾಯವಾಗುವಂತೆ ಇದೂ ಮಾಯವಾಗುತ್ತದೆ.

ಇದಕ್ಕೆ ಕೆಲಸಗಾರರ ಅಸಹಕಾರವೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಲೆಕ್ಕಪರಿಶೋಧಕನ ದೃಷ್ಟಿಯಿಂದ ನೋಡಿದರೆ ಬೇರೆ ಎರಡು ಕಾರಣಗಳು ಎದ್ದು ಕಾಣುತ್ತವೆ. ಯೋಜನೆ ಯಶಸ್ವಿಯಾದ ವರ್ಷವೇ ಲೆಕ್ಕದಲ್ಲಿ ಲಾಭ ಇಳಿದು ಯಜಮಾನರು ಹೆದರುವುದು ಒಂದು. ಯೋಜನೆಯಿಂದ ಕಲಿತದ್ದು ಯಾರೋ ಒಬ್ಬ ಸೂಪರ್‌ವೈಸರನ ತಲೆಯಲ್ಲಿ ಉಳಿದು, ಆತನೊಡನೆಯೇ ಹೊರಟುಹೋಗುವುದು ಇನ್ನೊಂದು.

ದಾಸ್ತಾನು ಇಳಿದಾಗ ಲಾಭವೇಕೆ ಇಳಿಯುತ್ತದೆ?

ಬಹುತೇಕ ಸುಧಾರಣಾ ಯೋಜನೆಗಳ ಮೊದಲ ಫಲ ದಾಸ್ತಾನಿನ ಇಳಿಕೆ. ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಒಂದು ಘಟಕವು ವರ್ಷಕ್ಕೆ 1,00,000 ಬಿಡಿಭಾಗಗಳನ್ನು ತಲಾ ರೂ. 230ರಂತೆ ಮಾರುತ್ತದೆ. ಕಚ್ಚಾ ಸಾಮಗ್ರಿಯೇ ಮೊದಲಾದ ಬದಲಾಗುವ ವೆಚ್ಚ ಬಿಡಿಭಾಗವೊಂದಕ್ಕೆ ರೂ. 140. ಬಾಡಿಗೆ, ಸವಕಳಿ, ಕಾಯಂ ಸಿಬ್ಬಂದಿಯ ವೇತನ ಮೊದಲಾದ ಸ್ಥಿರ ಉತ್ಪಾದನಾ ವೆಚ್ಚ ವರ್ಷಕ್ಕೆ ರೂ. 60 ಲಕ್ಷ, ಅಂದರೆ ಸಾಮಾನ್ಯ ಉತ್ಪಾದನೆಯ ಮೇಲೆ ತಲಾ ರೂ. 60. ಸಿದ್ಧ ಸರಕಿನ ಮೌಲ್ಯಮಾಪನದಲ್ಲಿ ಸ್ಥಿರ ಉತ್ಪಾದನಾ ವೆಚ್ಚದ ಪಾಲನ್ನೂ ಸೇರಿಸಬೇಕೆಂದು ಲೆಕ್ಕಪತ್ರ ಮಾನದಂಡ 2 ವಿಧಿಸುವುದರಿಂದ ದಾಸ್ತಾನಿನ ದರ ರೂ. 200 ಆಗುತ್ತದೆ. ಮಾಡಿದಷ್ಟನ್ನೂ ಮಾರಿದ ವರ್ಷದಲ್ಲಿ ಲಾಭ ರೂ. 30 ಲಕ್ಷ.

ಮುಂದಿನ ವರ್ಷ ಅಚ್ಚು ಬದಲಾಯಿಸುವ ಸಮಯವನ್ನು ಕಡಿಮೆ ಮಾಡಿ ಸಣ್ಣ ಸಣ್ಣ ತಂಡಗಳಲ್ಲಿ ಸರಕು ತಯಾರಿಸುವ ವ್ಯವಸ್ಥೆ ಬಂದಿತೆನ್ನಿ. ಸಿದ್ಧ ಸರಕಿನ ದಾಸ್ತಾನು 20,000ದಿಂದ 8,000ಕ್ಕೆ ಇಳಿಯಿತು. ಮಾರಾಟ ಅಷ್ಟೇ, ಉತ್ಪಾದನೆ 88,000. ಈಗ ತಖ್ತೆ ಹೀಗಿರುತ್ತದೆ: ಆರಂಭದ ದಾಸ್ತಾನು ರೂ. 40 ಲಕ್ಷ, ಬದಲಾಗುವ ವೆಚ್ಚ ರೂ. 123.20 ಲಕ್ಷ, ಸ್ಥಿರ ವೆಚ್ಚ ರೂ. 60 ಲಕ್ಷ, ಇವುಗಳಿಂದ ಅಂತ್ಯದ ದಾಸ್ತಾನು ರೂ. 16 ಲಕ್ಷವನ್ನು ಕಳೆದರೆ ಒಟ್ಟು ರೂ. 207.20 ಲಕ್ಷ. ಮಾರಾಟ ರೂ. 230 ಲಕ್ಷವಾದ್ದರಿಂದ ಲಾಭ ರೂ. 22.80 ಲಕ್ಷ ಮಾತ್ರ. ಸುಧಾರಣೆ ಮಾಡಿದ ತಪ್ಪಿಗೆ ರೂ. 7.20 ಲಕ್ಷ ಕಳೆದುಕೊಂಡೆವೇ ಎಂದು ಯಜಮಾನರು ಕೇಳುವುದು ಸಹಜ.

ವಾಸ್ತವದಲ್ಲಿ ಕಳೆದುಕೊಂಡದ್ದು ಏನೂ ಇಲ್ಲ. ಹಿಂದಿನ ವರ್ಷಗಳಲ್ಲಿ ದಾಸ್ತಾನಿನೊಳಗೆ ಅಡಗಿ ಕುಳಿತಿದ್ದ 12,000 ಬಿಡಿಭಾಗಗಳ ಸ್ಥಿರ ವೆಚ್ಚ, ತಲಾ ರೂ. 60ರಂತೆ, ಈ ವರ್ಷ ಹೊರಬಂದು ಖರ್ಚಾಗಿ ತೋರಿದೆ. ಕೈಗೆ ಬಂದ ನಗದನ್ನು ನೋಡಿದರೆ ಚಿತ್ರ ತಿರುವುಮುರುವಾಗುತ್ತದೆ. ಮೊದಲ ವರ್ಷ ಮಾರಾಟದಿಂದ ವೆಚ್ಚ ಕಳೆದು ಉಳಿದದ್ದು ರೂ. 30 ಲಕ್ಷ, ಈ ವರ್ಷ ರೂ. 46.80 ಲಕ್ಷ. ರೂ. 16.80 ಲಕ್ಷ ಹೆಚ್ಚು ನಗದು ಬಂದಿದೆ. ಶೇ. 10ರ ಬಡ್ಡಿಯ ಸಾಲಕ್ಕೆ ಅದನ್ನು ಕಟ್ಟಿದರೆ ವರ್ಷಕ್ಕೆ ರೂ. 1.68 ಲಕ್ಷದ ಬಡ್ಡಿ ಉಳಿತಾಯ. ದಾಸ್ತಾನು ಹೊಸ ಮಟ್ಟದಲ್ಲಿ ನಿಂತ ಮರುವರ್ಷ ಲಾಭವೂ ಹಳೆಯ ಮಟ್ಟಕ್ಕೆ ಮರಳುತ್ತದೆ, ಬಡ್ಡಿಯ ಉಳಿತಾಯ ಮೇಲೆ ಸೇರುತ್ತದೆ. ಆದರೆ ಆ ಮರುವರ್ಷದವರೆಗೆ ಕಾಯುವ ಧೈರ್ಯವನ್ನು ಯಜಮಾನರಿಗೆ ಯಾರಾದರೂ ಮುಂಚಿತವಾಗಿ ಕೊಟ್ಟಿರಬೇಕು. ಸಲಹೆಗಾರರು ಕೊಡುವುದಿಲ್ಲ, ಅವರ ವರದಿಯಲ್ಲಿ ಮಾನದಂಡ 2ರ ಪ್ರಸ್ತಾಪ ಇರುವುದು ಅಪರೂಪ. ಆದ್ದರಿಂದ ಯೋಜನೆ ಆರಂಭಿಸುವ ಮೊದಲೇ ತಮ್ಮ ಲೆಕ್ಕಪರಿಶೋಧಕರಿಂದ ಇಂಥದೊಂದು ತಖ್ತೆ ಬರೆಸಿಟ್ಟುಕೊಳ್ಳುವುದು ಒಳ್ಳೆಯದು.

ಬ್ಯಾಂಕಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕ್ಯಾಷ್ ಕ್ರೆಡಿಟ್ ಸಾಲದಲ್ಲಿ ಡ್ರಾಯಿಂಗ್ ಪವರ್ ನಿರ್ಧಾರವಾಗುವುದು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಮೇಲೆ. ಮೇಲಿನ ಉದಾಹರಣೆಯಲ್ಲಿ ದಾಸ್ತಾನಿನ ಮೌಲ್ಯ ರೂ. 24 ಲಕ್ಷದಷ್ಟು ಇಳಿದಿದೆ. ಮಾರ್ಜಿನ್ ಶೇ. 25 ಎಂದಿಟ್ಟುಕೊಂಡರೆ ಡ್ರಾಯಿಂಗ್ ಪವರ್ ರೂ. 18 ಲಕ್ಷ ಇಳಿಯುತ್ತದೆ. ಬಂದ ನಗದು ಅದಕ್ಕಿಂತ ರೂ. 1.20 ಲಕ್ಷ ಕಡಿಮೆ. ಈ ಅಂತರ ಚಿಕ್ಕದಾದರೂ ಮುನ್ನೆಚ್ಚರಿಕೆಯಿಲ್ಲದೆ ಬಂದರೆ ಸಂಬಳದ ವಾರದಲ್ಲಿ ಚೆಕ್ ಹಿಂತಿರುಗುವ ಪ್ರಸಂಗ ಒದಗೀತು. ಹೆಚ್ಚುವರಿ ನಗದನ್ನು ಹೊಸ ಯಂತ್ರಕ್ಕೋ ನಿವೇಶನಕ್ಕೋ ತೊಡಗಿಸಿದವರಿಗೆ ಈ ತೊಂದರೆ ಇನ್ನೂ ತೀವ್ರ. ಶಾಖೆಯ ವ್ಯವಸ್ಥಾಪಕರಿಗೆ ಮುಂದಿನ ವರ್ಷದ ಅಂದಾಜನ್ನು ಮೊದಲೇ ಕೊಟ್ಟು, ದಾಸ್ತಾನು ಏಕೆ ಇಳಿಯಲಿದೆ ಎಂಬುದನ್ನು ಬರಹದಲ್ಲಿ ತಿಳಿಸುವುದು ಸೂಕ್ತ. ದಾಸ್ತಾನು ಇಳಿದ ಕೂಡಲೇ ವ್ಯಾಪಾರವೇ ಇಳಿದಿದೆ ಎಂದು ಬ್ಯಾಂಕಿನವರು ಭಾವಿಸಿದರೆ ಅದು ಅವರ ತಪ್ಪಲ್ಲ.

ನಿಮಿಷಗಳು ರೂಪಾಯಿಗಳಲ್ಲ

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ನಲವತ್ತು ನಿಮಿಷ ಉಳಿಯಿತು, ಗಂಟೆಗೆ ಇಷ್ಟು ರೂಪಾಯಿ, ವರ್ಷಕ್ಕೆ ಇಷ್ಟು ಲಕ್ಷ ಎಂದು ಫಲಕದ ಮೇಲೆ ಬರೆಯುವ ಪದ್ಧತಿ. ಉಳಿದ ನಿಮಿಷಗಳಲ್ಲಿ ಹೊಸ ಆರ್ಡರಿನ ಕೆಲಸ ನಡೆಯದಿದ್ದರೆ, ಓವರ್‌ಟೈಮ್ ಇಳಿಯದಿದ್ದರೆ, ಹೊರಗೆ ಕೊಡುತ್ತಿದ್ದ ಜಾಬ್‌ವರ್ಕ್ ಒಳಗೆ ಬಾರದಿದ್ದರೆ ಒಂದು ರೂಪಾಯಿಯೂ ಉಳಿದಿಲ್ಲ. ಸಾಮರ್ಥ್ಯ ಬಿಡುವಾಗಿದೆ, ಅಷ್ಟೇ. ಸ್ಕ್ರ್ಯಾಪ್, ವಿದ್ಯುತ್, ಓವರ್‌ಟೈಮ್ ಇವುಗಳಲ್ಲಿ ಇಳಿಕೆಯಾದರೆ ಅದು ಬಿಲ್ಲಿನಲ್ಲಿಯೇ ಕಾಣುತ್ತದೆ. ಇವೆರಡನ್ನೂ ಬೇರೆ ಬೇರೆ ಕಲಮುಗಳಲ್ಲಿ ಬರೆಯತಕ್ಕದ್ದು.

ಕಲಿತದ್ದು ಎಲ್ಲಿ ಉಳಿಯುತ್ತದೆ?

ಎರಡನೆಯ ಅಂಶ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅಮೂರ್ತ ಆಸ್ತಿಗಳ ಕುರಿತ ಲೆಕ್ಕಪತ್ರ ಮಾನದಂಡ 26ರ ಪ್ರಕಾರ ತರಬೇತಿಯ ವೆಚ್ಚ ಆಯಾ ವರ್ಷದ ಖರ್ಚು. ಸಿಬ್ಬಂದಿಯ ನೈಪುಣ್ಯ ಸಾಮಾನ್ಯವಾಗಿ ಆಸ್ತಿಯಾಗಿ ಅಢಾವೆ ಪತ್ರಿಕೆಯಲ್ಲಿ ಬರುವಂತಿಲ್ಲ, ಏಕೆಂದರೆ ಅದರ ಮೇಲೆ ಸಂಸ್ಥೆಗೆ ಸಾಕಷ್ಟು ಹಿಡಿತವಿಲ್ಲ. ನಮ್ಮ ಭಾಗದವರು ಇದರ ಅರ್ಥವನ್ನು ಕಣ್ಣಾರೆ ಕಂಡಿದ್ದಾರೆ. ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಂಸ್ಥೆಯ ಸಹಯೋಗದಿಂದ ಬೆಳೆದ ಎನ್‌ಜಿಇಎಫ್ 2000ದ ದಶಕದ ಆರಂಭದಲ್ಲಿ ಮುಚ್ಚಿತು. ಇಂಥ ಕಾರ್ಖಾನೆ ಮುಚ್ಚಿದಾಗ ಭೂಮಿಗೂ ಯಂತ್ರಗಳಿಗೂ ಬೆಲೆ ಕಟ್ಟಲು ಪಟ್ಟಿ ತಯಾರಾಗುತ್ತದೆ. ಟ್ರಾನ್ಸ್‌ಫಾರ್ಮರ್ ಸುರುಳಿ ಸುತ್ತುವ ಕೈಗಳಿಗೆ ಏನು ತಿಳಿದಿತ್ತು ಎಂಬುದಕ್ಕೆ ಆ ಪಟ್ಟಿಯಲ್ಲಿ ಕಲಮು ಇರುವುದಿಲ್ಲ.

ಕಲಿಕೆಯನ್ನು ದಾಖಲಿಸಿದರೆ ಏನಾಗಬಹುದು ಎಂಬುದಕ್ಕೆ ಜಪಾನಿನ ಶಿಗಿಯೊ ಶಿಂಗೊ ಅವರ ಕೆಲಸ ಒಳ್ಳೆಯ ನಿದರ್ಶನ. 1950ರಲ್ಲಿ ಹಿರೋಷಿಮಾದ ತೋಯೊ ಕೋಗ್ಯೊ (ಇಂದಿನ ಮಜ್ದಾ) ಕಾರ್ಖಾನೆಯಲ್ಲಿ ಅಚ್ಚು ಬದಲಾಯಿಸುತ್ತಿದ್ದ ಕೆಲಸಗಾರ ಒಂದು ಬೋಲ್ಟ್ ಸಿಗದೆ ಗಂಟೆಗೂ ಮೀರಿ ಅಲೆದಾಡಿದ್ದನ್ನು ಅವರು ನೋಡಿದರು. ಯಂತ್ರ ನಿಂತಾಗ ಮಾತ್ರ ಮಾಡಬಹುದಾದ ಕೆಲಸ, ಯಂತ್ರ ನಡೆಯುತ್ತಿರುವಾಗಲೇ ಸಿದ್ಧಮಾಡಿಡಬಹುದಾದ ಕೆಲಸ ಎಂದು ಎರಡು ಭಾಗ ಮಾಡಿದರು. ಈ ಒಂದು ವಿಂಗಡಣೆ ಅವರೊಡನೆ ಕಾರ್ಖಾನೆಯಿಂದ ಕಾರ್ಖಾನೆಗೆ ಸಾಗಿತು. 1969ರಲ್ಲಿ ಟೊಯೋಟದಲ್ಲಿ 1000 ಟನ್ ಪ್ರೆಸ್ಸಿನ ಅಚ್ಚು ಬದಲಾವಣೆಗೆ ನಾಲ್ಕು ಗಂಟೆ ಬೇಕಾಗುತ್ತಿತ್ತು. ಆರು ತಿಂಗಳಲ್ಲಿ ಅದು 90 ನಿಮಿಷಕ್ಕೆ, ಮುಂದಿನ ಮೂರು ತಿಂಗಳಲ್ಲಿ 3 ನಿಮಿಷಕ್ಕೆ ಇಳಿಯಿತು. 1950ರ ಆ ಬೋಲ್ಟಿನ ಪ್ರಸಂಗ ಅಲ್ಲಿಯೇ ಮರೆತುಹೋಗಿದ್ದರೆ ಟೊಯೋಟದವರು ಮೊದಲಿನಿಂದ ಆರಂಭಿಸಬೇಕಾಗಿತ್ತು.

ಅದೇ ಟೊಯೋಟ ಸಂಸ್ಥೆ ಕಿರ್ಲೋಸ್ಕರರೊಡನೆ ಸೇರಿ ಬಿಡದಿಯಲ್ಲಿ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ವಾಹನದ ತಯಾರಿಕೆ ಆರಂಭಿಸಿತು. 2007ರಲ್ಲಿ ಅಲ್ಲಿಯೇ ಗ್ರಾಮೀಣ ಭಾಗದ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳಿಗೆ ಮೂರು ವರ್ಷಗಳ ವಸತಿ ತರಬೇತಿ ಶಾಲೆ ತೆರೆಯಿತು. ಸಣ್ಣ ಘಟಕಕ್ಕೆ ಶಾಲೆ ತೆರೆಯಲಾಗದು. ಆದರೆ ಟೊಯೋಟದವರು ಸಮಸ್ಯೆಯೊಂದನ್ನು ಎ3 ಅಳತೆಯ ಒಂದೇ ಹಾಳೆಯಲ್ಲಿ ಬರೆಯುವ ಪದ್ಧತಿಗೆ ಖರ್ಚೇನೂ ಇಲ್ಲ. ಮೊದಲು ಹೇಗಿತ್ತು, ಕಾರಣವೆಂದು ಏನನ್ನು ಭಾವಿಸಿದೆವು, ಏನು ಪ್ರಯತ್ನಿಸಿದೆವು, ಯಾವುದು ಫಲಿಸಲಿಲ್ಲ, ಮೂರು ತಿಂಗಳ ನಂತರ ಅಳತೆ ಏನು ಹೇಳಿತು: ಇಷ್ಟು ಸಾಕು. ಫಲಿಸದ ಪ್ರಯತ್ನವನ್ನು ಬರೆಯುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ. ಮುಂದೆ ಬರುವ ಫೋರ್‌ಮನ್ ಅದೇ ಪ್ರಯತ್ನಕ್ಕೆ ಮತ್ತೆ ಹಣ ಹಾಕದಂತೆ ತಡೆಯುವುದು ಆ ಸಾಲೇ.

ಭಾಷೆಯ ಮಾತೂ ಇದೆ. ನಗರದ ಈ ಪೂರ್ವ ಭಾಗದ ಶಾಪ್‌ಗಳಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು, ಈಚೆಗೆ ಹಿಂದಿ, ಒಡಿಯಾ ಎಲ್ಲವೂ ಕೇಳಿಬರುತ್ತವೆ. ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ಕಡತದಲ್ಲಿಟ್ಟ ಹಾಳೆ ಲೆಕ್ಕಪರಿಶೋಧಕನಿಗೆ ಉಪಯೋಗವಾದೀತೇ ಹೊರತು ಯಂತ್ರದ ಮುಂದೆ ನಿಂತವನಿಗಲ್ಲ. ಎರಡು ಛಾಯಾಚಿತ್ರ, ಒಂದು ಕೈಚಿತ್ರ, ನಾಲ್ಕು ಅಂಕಿಗಳು ಎಲ್ಲ ಭಾಷೆಯವರಿಗೂ ತಿಳಿಯುತ್ತವೆ. ಐಎಸ್‌ಒ 9001 ಪ್ರಮಾಣಪತ್ರ ಪಡೆದ ಘಟಕಗಳು ಗಮನಿಸಬೇಕಾದ ಸಂಗತಿಯೆಂದರೆ, ಅದರ 2015ರ ಆವೃತ್ತಿಯ 7.1.6ನೇ ಕಲಮು ಸಂಸ್ಥೆಯ ಜ್ಞಾನವನ್ನು ಗುರುತಿಸಿ ಕಾಪಾಡಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ.

ಸರ್ಕಾರದ ನೆರವು

2009ರಲ್ಲಿ ಆರಂಭವಾದ ಕೇಂದ್ರದ ಲೀನ್ ಯೋಜನೆಯ ಪ್ರಾಯೋಗಿಕ ಹಂತದಲ್ಲಿ ಸುಮಾರು ಹತ್ತು ಘಟಕಗಳು ಒಂದು ಗುಂಪಾಗಿ ಸೇರಿ ಸಲಹೆಗಾರರನ್ನು ಪಡೆಯಬೇಕಾಗಿತ್ತು, ವೆಚ್ಚದ ಶೇ. 80 ಸರ್ಕಾರದ್ದು. 2023ರ ಮಾರ್ಚ್‌ನಲ್ಲಿ ಪುನಾರೂಪಗೊಂಡು ಬಂದ ಯೋಜನೆಯಲ್ಲಿ ಪ್ರಾಥಮಿಕ, ಮಧ್ಯಮ, ಉನ್ನತ ಎಂಬ ಮೂರು ಹಂತಗಳಿದ್ದು, ಸಲಹೆ ಹಾಗೂ ಅನುಷ್ಠಾನದ ವೆಚ್ಚದಲ್ಲಿ ಶೇ. 90ರಷ್ಟನ್ನು ಸರ್ಕಾರ ಭರಿಸುವ ನಿಬಂಧನೆಯಿದೆ. ಉದ್ಯಮ್ ನೋಂದಣಿ ಅವಶ್ಯ. ಅರ್ಜಿ ಹಾಕುವ ಮುನ್ನ ಅಂದಿನ ನಿಯಮಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು. ಸಲಹೆಗಾರರೊಡನೆ ಕರಾರು ಮಾಡಿಕೊಳ್ಳುವಾಗ ಎರಡು ಷರತ್ತುಗಳನ್ನು ಸೇರಿಸಲು ಸದಸ್ಯರು ಒತ್ತಾಯಿಸಬಹುದು. ಕೊನೆಯ ಕಂತಿನ ಶುಲ್ಕ ಪಾವತಿಯಾಗುವ ಮೊದಲು ಪ್ರತಿ ಸುಧಾರಣೆಯ ಒಂದು ಹಾಳೆಯ ದಾಖಲೆ ಘಟಕದ ಕೈಸೇರಬೇಕು. ಮತ್ತು ಘೋಷಿಸಿದ ಉಳಿತಾಯದಲ್ಲಿ ನಗದಿನ ಪಾಲೆಷ್ಟು, ಬಿಡುವಾದ ಸಾಮರ್ಥ್ಯದ ಪಾಲೆಷ್ಟು ಎಂಬುದಕ್ಕೆ ಘಟಕದ ಲೆಕ್ಕಿಗರ ಸಹಿ ಇರಬೇಕು.