ಶವರ್ಮಾ ಇರಲಿ, ಹಸಿಮೊಟ್ಟೆ ಬೇಡ

ಗಲ್ಫಿಗೆ ದುಡಿಯಲು ಹೋದವರ ಜೊತೆ ಕುಬೂಸ್, ಶವರ್ಮಾ ಊರಿಗೂ ಬಂದವು. ಮೂಡುಬಿದಿರೆಯಲ್ಲೂ ಮಕ್ಕಳಿಗೆ ಈಗ ಅಕ್ಕಿರೊಟ್ಟಿಗಿಂತ ಅದೇ ಇಷ್ಟ. ತಕರಾರಿಲ್ಲ. ಆದರೆ ಅರಬರ 'ತೂಮ್' ಮೂಲದಲ್ಲಿ ಬೆಳ್ಳುಳ್ಳಿಯನ್ನು ಎಣ್ಣೆ, ಲಿಂಬೆರಸ, ಉಪ್ಪಿನೊಂದಿಗೆ ಅರೆದದ್ದು. ಇಲ್ಲಿ ಅದರ ಜಾಗದಲ್ಲಿ ಹಸಿಮೊಟ್ಟೆಯ ಮಯೋನೈಸ್! ನಮ್ಮ ಸೆಕೆಯಲ್ಲಿ ಹೊರಗಿಟ್ಟರೆ ಸಾಲ್ಮೊನೆಲ್ಲಾ ಬೇಗನೆ ಬೆಳೆಯುತ್ತದೆ. ಕೇರಳ 2023ರಲ್ಲಿ ಅದನ್ನು ನಿಷೇಧಿಸಿತು.

ಮಾಂಸದ ವಿಷಯವೂ ಇದೆ. 2022ರ ಮೇ ತಿಂಗಳಲ್ಲಿ ಕಾಸರಗೋಡಿನ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಪತ್ತೆಯಾದದ್ದು ಶಿಗೆಲ್ಲಾ, ಕೊಳಕು ಕೈ, ಕೊಳಕು ನೀರಿನಿಂದ ಹರಡುವಂಥದ್ದು. ಅರೆಬೆಂದ ಮಾಂಸ ಬೇಡ. ಪಾರ್ಸೆಲ್ ತಂದದ್ದನ್ನು ಕೂಡಲೇ ತಿನ್ನಿ.

ಮಗುವಿಗೆ ಜ್ವರದೊಂದಿಗೆ ರಕ್ತಭೇದಿ ಕಂಡರೆ ನಮ್ಮ ಯುನಾನಿ ಮದ್ದಿಗೂ ಕಾಯಬೇಡಿ. ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.