ಕಸಿ ಮೂತ್ರಪಿಂಡಕ್ಕೆ ಸೋಂಕು ತಗುಲಿದಾಗ

ಮೂತ್ರಪಿಂಡದ ಕಸಿ ಮಾಡಿಸಿಕೊಂಡು ಮನೆಗೆ ಮರಳಿದವರನ್ನು ಸದಾ ಕಾಡುವ ಭಯ ಒಂದೇ. ದೇಹ ಈ ಹೊಸ ಅಂಗವನ್ನು ತಿರಸ್ಕರಿಸಿಬಿಟ್ಟರೆ? ಈ ಭಯ ಸಹಜವೇ. ಆದರೆ ಕಸಿಯಾದವರಿಗೆ ಬ್ಯಾಕ್ಟೀರಿಯಾಗಳಿಂದ ಬರುವ ಸೋಂಕುಗಳಲ್ಲಿ ಮೊದಲ ಸ್ಥಾನ ಮೂತ್ರದ ಸೋಂಕಿನದು ಎಂಬುದು ಎಷ್ಟೋ ಮನೆಗಳಲ್ಲಿ ತಿಳಿದಿರುವುದಿಲ್ಲ. ‘ಸ್ವಲ್ಪ ಉರಿಮೂತ್ರ, ಮೈ ಉಷ್ಣವಾಗಿದೆ’ ಎಂದು ಎರಡು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಬೇರೆಯವರಿಗೆ ಅದು ನಡೆದೀತು. ತಾಯಿಯೋ ಹೆಂಡತಿಯೋ ಕೊಟ್ಟ ಮೂತ್ರಪಿಂಡವನ್ನು ಹೊತ್ತಿರುವ ನಿಮಗೆ ನಡೆಯದು.

1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಸಿದಾಗ ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರು. ಹಾಗಾಗಿ ರೋಗಿಯ ದೇಹಕ್ಕೆ ಆ ಅಂಗ ಪರಕೀಯವೆನಿಸಲಿಲ್ಲ. ಆ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಉಳಿದವರು ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೊರಿನ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಮುಂತಾದ ಔಷಧಿಗಳಿಂದ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಕೊಂಡೇ ಬದುಕಬೇಕು. ಕಾವಲುಗಾರ ತೂಕಡಿಸಿದರೆ ಬಂದ ನೆಂಟನೂ ಒಳಗೆ ಉಳಿಯುತ್ತಾನೆ, ಕಳ್ಳನೂ ನುಗ್ಗುತ್ತಾನೆ. ಇಲ್ಲಿ ಕಳ್ಳನೆಂದರೆ ಹೆಚ್ಚಿನ ಸಲ ನಮ್ಮದೇ ಕರುಳಿನಲ್ಲಿ ವಾಸಿಸುವ ಇ-ಕೊಲೈ ಬ್ಯಾಕ್ಟೀರಿಯಾ.

ಮೊದಲ ಆರು ತಿಂಗಳಲ್ಲಿ ಅಪಾಯ ಹೆಚ್ಚು. ಶಸ್ತ್ರಚಿಕಿತ್ಸೆಯ ವೇಳೆ ಹಾಕಿದ ಕೊಳವೆ, ಮೂತ್ರನಾಳದ ಜೋಡಣೆ ಮಾಯುವವರೆಗೆ ಒಳಗಿಡುವ ಸಣ್ಣ ಸ್ಟೆಂಟ್, ಇವೆಲ್ಲ ರೋಗಾಣುಗಳಿಗೆ ಏಣಿಯಿದ್ದಂತೆ. ಸ್ಟೆಂಟ್ ತೆಗೆಸಲು ವೈದ್ಯರು ಕೊಟ್ಟ ದಿನಾಂಕವನ್ನು, ಊರಿನ ಜಾತ್ರೆಯಿದ್ದರೂ, ಮುಂದೂಡಬೇಡಿ. ಮಹಿಳೆಯರು, ಸಕ್ಕರೆ ಕಾಯಿಲೆಯವರು, ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಗಂಡಸರು ಇನ್ನಷ್ಟು ಎಚ್ಚರ ವಹಿಸಬೇಕು.

ಈ ಸೋಂಕಿನ ಕಪಟ ಇರುವುದು ಅದು ತನ್ನನ್ನು ಮರೆಮಾಚಿಕೊಳ್ಳುವುದರಲ್ಲಿ. ಸಾಮಾನ್ಯರಲ್ಲಿ ಮೂತ್ರಪಿಂಡಕ್ಕೆ ಸೋಂಕು ಏರಿದರೆ ಸೊಂಟದ ಮೇಲ್ಭಾಗದಲ್ಲಿ ತೀವ್ರ ನೋವು ಬರುತ್ತದೆ. ಕಸಿ ಮೂತ್ರಪಿಂಡ ಇರುವುದು ಅಲ್ಲಲ್ಲ, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ. ಅದನ್ನು ಕೂಡಿಸುವಾಗ ರಕ್ತನಾಳಗಳನ್ನೂ ಮೂತ್ರನಾಳವನ್ನೂ ಜೋಡಿಸುತ್ತಾರೆ, ನರಗಳನ್ನಲ್ಲ. ಆದ್ದರಿಂದ ನೋವು ಕಾಣದೇ ಇರಬಹುದು. ಸ್ಟೀರಾಯ್ಡ್ ಔಷಧಿ ಜ್ವರವನ್ನೂ ತಗ್ಗಿಸಿ ತೋರಿಸುತ್ತದೆ. ಕೆಲವೊಮ್ಮೆ ಸುಸ್ತು, ಊಟ ಸೇರದಿರುವುದು, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿರುವುದು, ಇಷ್ಟೇ ಸುಳಿವು. ಹೀಗಾಗಿ 100 ಡಿಗ್ರಿ ಜ್ವರವಿದ್ದರೂ, ಚಳಿ ಬಂದರೂ, ಮೂತ್ರ ಉರಿದರೂ, ಕೆಂಪಾದರೂ, ಕಸಿಯ ಜಾಗ ಮುಟ್ಟಿದರೆ ನೋಯುತ್ತಿದ್ದರೂ ಅದೇ ದಿನ ನಿಮ್ಮ ಕಸಿ ತಜ್ಞರನ್ನು ಸಂಪರ್ಕಿಸಿ. ರೋಗಾಣು ರಕ್ತಕ್ಕೆ ಸೇರಿದರೆ ಕೆಟ್ಟುಹೋಗುವುದು ಮೂತ್ರಪಿಂಡವೊಂದೇ ಅಲ್ಲ.

ಮೊದಲ ಮಾತ್ರೆ ನುಂಗುವ ಮುನ್ನವೇ ಮೂತ್ರದ ಕಲ್ಚರ್ ಪರೀಕ್ಷೆಗೆ ಮಾದರಿ ಕೊಡಬೇಕು. ಮನೆಯಲ್ಲಿ ತೊಳೆದಿಟ್ಟ ಟಾನಿಕ್ ಬಾಟಲಿ ಇದಕ್ಕೆ ಆಗದು. ಪ್ರಯೋಗಾಲಯದಿಂದಲೇ ಶುದ್ಧ ಡಬ್ಬಿ ತನ್ನಿ. ಮೂತ್ರದ್ವಾರವನ್ನು ನೀರಿನಿಂದ ತೊಳೆದು, ಮೊದಲು ಬರುವ ಮೂತ್ರವನ್ನು ಬಿಟ್ಟು ನಡುವಿನ ಧಾರೆಯನ್ನು ಹಿಡಿಯಿರಿ. ಒಂದು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ. ಹೊರಗೇ ಬಿಟ್ಟರೆ ಡಬ್ಬಿಯಲ್ಲೇ ರೋಗಾಣು ಬೆಳೆದು ವರದಿ ದಾರಿ ತಪ್ಪಿಸುತ್ತದೆ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ರೋಗಿ ನರಳುತ್ತಿದ್ದರೆ ವೈದ್ಯರು ಅಷ್ಟು ದಿನ ಕಾಯದೆ ಚಿಕಿತ್ಸೆ ಆರಂಭಿಸಿ, ವರದಿ ಬಂದ ಮೇಲೆ ಔಷಧಿ ಬದಲಿಸಬಹುದು. ನಮ್ಮ ದೇಶದಲ್ಲಿ ಬಾಯಿಂದ ಕೊಡುವ ಹಲವು ಮಾತ್ರೆಗಳಿಗೆ ಬಗ್ಗದ ಇ-ಕೊಲೈ ಹೆಚ್ಚಿರುವುದರಿಂದ ಚುಚ್ಚುಮದ್ದಿಗಾಗಿ ದಾಖಲಾಗಬೇಕಾದೀತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಯಾವ ತೊಂದರೆಯೂ ಇಲ್ಲದೆ, ಕ್ರಿಯಾಟಿನಿನ್ ಸರಿಯಿದ್ದು, ವರದಿಯಲ್ಲಿ ಮಾತ್ರ ‘ಒಂದು ಲಕ್ಷಕ್ಕಿಂತ ಹೆಚ್ಚು’ ಬ್ಯಾಕ್ಟೀರಿಯಾ ಎಂದಿದ್ದರೆ? ಹಿಂದೆ ಇದಕ್ಕೂ ಔಷಧಿ ಕೊಡುತ್ತಿದ್ದರು. ಕಸಿಯಾಗಿ ಒಂದು ತಿಂಗಳು ಕಳೆದವರಿಗೆ ಇಂಥ ಚಿಕಿತ್ಸೆಯಿಂದ ಲಾಭವಿಲ್ಲ, ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ ಎಂಬುದು ಈಗಿನ ತಿಳಿವಳಿಕೆ. ಆದ್ದರಿಂದ ವೈದ್ಯರು ‘ಏನೂ ಬೇಡ’ ಎಂದರೆ ಅದು ಅಲಕ್ಷ್ಯವಲ್ಲ. ಮತ್ತೊಬ್ಬರ ಬಳಿ ಹೋಗಿ ಮಾತ್ರೆ ಬರೆಸಿಕೊಳ್ಳುವ ಆತುರ ಬೇಡ.

ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳ ಬಗ್ಗೆ ಹೇಳಲೇಬೇಕು. ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಫಂಗಸ್‌ಗೆ ಕೊಡುವ ಫ್ಲೂಕೊನಜೋಲ್ ಇವು ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೊರಿನ್‌ಗಳ ಪ್ರಮಾಣವನ್ನು ರಕ್ತದಲ್ಲಿ ವಿಪರೀತ ಏರಿಸುತ್ತವೆ. ಆಗ ಆ ಔಷಧಿಗಳೇ ಮೂತ್ರಪಿಂಡಕ್ಕೆ ವಿಷವಾಗುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಆ ಪ್ರಮಾಣವನ್ನು ಇಳಿಸಿ ತಿರಸ್ಕಾರಕ್ಕೆ ಹಾದಿ ಮಾಡುತ್ತದೆ. ನೋವಿಗೆಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ನೇರವಾಗಿಯೇ ಹಾನಿಕರ. ಇನ್ನು ಎಳನೀರು. ಅದರಲ್ಲಿ ಪೊಟ್ಯಾಸಿಯಂ ಹೇರಳ. ಟ್ಯಾಕ್ರೋಲಿಮಸ್ ಕೂಡ, ಮೊದಲ ತಿಂಗಳುಗಳಲ್ಲಿ ಸೋಂಕು ತಡೆಯಲೆಂದು ಕೊಡುವ ಕೋಟ್ರೈಮೊಕ್ಸಜೋಲ್ ಕೂಡ ರಕ್ತದ ಪೊಟ್ಯಾಸಿಯಂ ಏರಿಸುತ್ತವೆ. ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅಕ್ಕಪಕ್ಕದವರು ತಂಪೆಂದು ಹೇಳಿದ್ದು ನಿಮಗೆ ತಂಪಲ್ಲ! ಸೋಂಕು ಬಂದಿದೆಯೆಂದು ಕಸಿಯ ಔಷಧಿಗಳನ್ನು ನೀವಾಗಿಯೇ ನಿಲ್ಲಿಸುವುದೂ ಸಲ್ಲದು.

ನೀರು ಎಷ್ಟು ಕುಡಿಯಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ದೂರದ ಬಸ್ ಪ್ರಯಾಣದಲ್ಲಿ ಶೌಚಾಲಯ ಸಿಗದೆಂದು ಬಾಯಾರಿಕೊಂಡು ಕೂರುವುದು, ಮೂತ್ರ ಕಟ್ಟಿಕೊಳ್ಳುವುದು ನಮ್ಮ ಹೆಣ್ಣುಮಕ್ಕಳಿಗೆ ರೂಢಿಯಾಗಿಬಿಟ್ಟಿದೆ. ಕಸಿಯಾದವರು ಇದನ್ನು ಬಿಡಲೇಬೇಕು. ಮಲಬದ್ಧತೆ ಇರದಂತೆ ನೋಡಿಕೊಳ್ಳಿ. ಸೋಂಕು ಪದೇಪದೇ ಮರುಕಳಿಸಿದರೆ ಬರಿಯ ಮಾತ್ರೆ ಸಾಲದು. ಮೂತ್ರ ಮಾಡಿದ ನಂತರ ಮೂತ್ರಕೋಶದಲ್ಲಿ ಎಷ್ಟು ಉಳಿಯುತ್ತದೆ, ಕಲ್ಲಿದೆಯೇ, ಮೂತ್ರ ಹಿಮ್ಮುಖವಾಗಿ ಕಸಿ ಮೂತ್ರಪಿಂಡಕ್ಕೆ ಹರಿಯುತ್ತಿದೆಯೇ ಎಂದು ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ ಕಸಿಯ ವೇಳೆ ಕೆಟ್ಟ ಹಳೆಯ ಮೂತ್ರಪಿಂಡಗಳನ್ನು ತೆಗೆಯದೆ ಅಲ್ಲೇ ಬಿಟ್ಟಿರುತ್ತಾರೆ. ಅಪರೂಪಕ್ಕೆ ರೋಗಾಣುಗಳು ಅಲ್ಲಿ ಬೀಡುಬಿಟ್ಟಿರುವುದೂ ಉಂಟು.