ಕಾರ್ಡು ಕೈಯಲ್ಲಿದೆ, ಡಾಕ್ಟರು ಎಲ್ಲಿದ್ದಾರೆ?

ನಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ, ಬಿಪಿಯೂ ಇದೆ. ಊರು ಬಿಟ್ಟು ಬೆಂಗಳೂರಿಗೆ ನನ್ನ ಜೊತೆ ಇರಲು ಬಂದಾಗ, ತಿಂಗಳಿಗೊಮ್ಮೆ ನೋಡಿ ಮಾತ್ರೆ ಬರೆದುಕೊಡುವ ಡಾಕ್ಟರೊಬ್ಬರು ಬೇಕಾಯಿತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇದೆ. ಸಂಬಳದಲ್ಲಿ ಶೇ 0.75 ವಂತಿಗೆ ನನ್ನದು, ಶೇ 3.25 ಮಾಲೀಕರದು. ತಿಂಗಳ ಸಂಬಳ 21,000 ರೂಪಾಯಿ ಮೀರದವರಿಗೆ 1948ರ ಕಾಯ್ದೆಯಿಂದ ಬಂದ ಹಕ್ಕು ಇದು.

ಮನೆಯ ಹತ್ತಿರದ ಕ್ಲಿನಿಕ್ಕುಗಳಲ್ಲಿ ಕೇಳಿದೆ. "ಇಲ್ಲಿ ಇಎಸ್‌ಐ ನಡೆಯಲ್ಲ ಮೇಡಂ" ಎಂದರು. ಕಾರಣ ಆಮೇಲೆ ತಿಳಿಯಿತು. ಜ್ವರ, ಸಕ್ಕರೆ, ಬಿಪಿಯಂಥ ದಿನನಿತ್ಯದ ಚಿಕಿತ್ಸೆಗೆ ಇಎಸ್‌ಐಗೆ ತನ್ನದೇ ಡಿಸ್ಪೆನ್ಸರಿಗಳಿವೆ. ನಮ್ಮಲ್ಲಿ ಅವುಗಳನ್ನು ನಡೆಸುವುದು ರಾಜ್ಯ ಸರ್ಕಾರ. ಹಾಗಾಗಿ ಮೊದಲು ವಿಚಾರಿಸಬೇಕಾದದ್ದು ನಮ್ಮ ವಿಮಾ ಸಂಖ್ಯೆ ಯಾವ ಡಿಸ್ಪೆನ್ಸರಿಗೆ ಸೇರಿದೆ ಎಂಬುದನ್ನು.

ಇಎಸ್‌ಐ ಗುರುತಿನ ಚೀಟಿಯಾದ ಇ-ಪೆಹಚಾನ್ ಪತ್ರ ತೆಗೆದು ನೋಡಿದರೆ, ನಾನು ಹಿಂದೆ ಬಾಡಿಗೆಗಿದ್ದ ಬಡಾವಣೆಯ ಡಿಸ್ಪೆನ್ಸರಿಯ ಹೆಸರಿತ್ತು. ಅದನ್ನು ಬದಲಾಯಿಸಿಕೊಳ್ಳಬಹುದು. ಕಾರ್ಖಾನೆಯ ಎಚ್‌ಆರ್ ಮೂಲಕವೂ ಆಗುತ್ತದೆ, ಇಎಸ್‌ಐ ಜಾಲತಾಣದಲ್ಲಿ ನಾವೇ ಲಾಗಿನ್ ಆಗಿಯೂ ಕೋರಬಹುದು. ಮನೆಯವರು ಬೇರೆ ಊರಿನಲ್ಲಿದ್ದರೆ ಅವರಿಗೆ ಅಲ್ಲಿನ ಡಿಸ್ಪೆನ್ಸರಿಯನ್ನೇ ಬರೆಸಬಹುದು. ಸಂಸಾರವನ್ನು ಊರಿನಲ್ಲಿ ಬಿಟ್ಟು ದುಡಿಯಲು ಬಂದವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ.

ಮುಂದಿನ ಕೆಲಸ, ಕುಟುಂಬದ ಪಟ್ಟಿಗೆ ಅಮ್ಮನ ಹೆಸರು ಸೇರಿಸುವುದು. ತಂದೆತಾಯಿಗೆ ಸ್ವಂತ ಆದಾಯ ತಿಂಗಳಿಗೆ 9,000 ರೂಪಾಯಿ ಮೀರದಿದ್ದರೆ ಅವಲಂಬಿತರೆಂದು ಸೇರಿಸಬಹುದು. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಇಎಸ್‌ಐ ದಾಖಲೆಗೆ ಹೊಂದುತ್ತವೆಯೇ ಎಂದು ಆಗಲೇ ನೋಡಿಕೊಂಡರೆ ಒಳ್ಳೆಯದು. ಕಾಯಿಲೆ ಜೋರಾದ ಮೇಲೆ ಅಕ್ಷರ ತಿದ್ದಿಸಲು ಓಡಾಡುವ ಕಷ್ಟ ಯಾರಿಗೂ ಬೇಡ.

ಡಿಸ್ಪೆನ್ಸರಿಗೆ ಮೊದಲ ಸಲ ಹೋಗುವಾಗ ಅಮ್ಮನ ಹಳೆಯ ಚೀಟಿ, ರಕ್ತಪರೀಕ್ಷೆಯ ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಜೋಡಿಸಿ ಒಯ್ದೆ. ಅವನ್ನು ನೋಡಿದ ಡಾಕ್ಟರು ಮಾತ್ರೆಯನ್ನು ಮುಂದುವರಿಸಿ, ಕಣ್ಣಿನ ಪರೀಕ್ಷೆಗೆ ಇಎಸ್‌ಐ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ರಾಜಾಜಿನಗರ, ಪೀಣ್ಯ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗಳ ತಜ್ಞರನ್ನು ಕಾಣಲು ಡಿಸ್ಪೆನ್ಸರಿಯೇ ಮೊದಲ ಮೆಟ್ಟಿಲು. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಚೀಟಿಗೆ ಕಾಯದೆ ನೇರ ಆಸ್ಪತ್ರೆಗೇ ಹೋಗಬೇಕು.

ಕೆಲಸ ಬದಲಾಯಿಸುವವರು ಎರಡು ವಿಷಯ ನೆನಪಿಡಬೇಕು. ವಿಮಾ ಸಂಖ್ಯೆ ಒಂದೇ, ಹೊಸ ಕಾರ್ಖಾನೆಯಲ್ಲಿ ಅದನ್ನೇ ಕೊಡಿ. ಇನ್ನೊಂದು, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಯ ಫಲ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈನಿಂದ ಡಿಸೆಂಬರ್‌ವರೆಗೆ. ಕೆಲಸ ಹೋದ ತಕ್ಷಣ ಎಲ್ಲವೂ ಮುಗಿಯಿತೆಂದು ಮಾತ್ರೆ ನಿಲ್ಲಿಸಬೇಡಿ, ಡಿಸ್ಪೆನ್ಸರಿಯಲ್ಲಿ ವಿಚಾರಿಸಿ.

ಜೊತೆಯಲ್ಲಿ ಕೆಲಸ ಮಾಡುವ ಕೆಲವರು ಆಯುಷ್ಮಾನ್ ಕಾರ್ಡು ಹಿಡಿದು ಜ್ವರಕ್ಕೆ ಖಾಸಗಿ ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಮರಳಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆ ನೆರವು ಮುಖ್ಯವಾಗಿ ದೊಡ್ಡ ಚಿಕಿತ್ಸೆಗಳಿಗೆ. ಇಎಸ್‌ಐ ಇಲ್ಲದವರು ಜ್ವರ, ಸಕ್ಕರೆ, ಬಿಪಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಹೋಗಬಹುದು.

ಅಮ್ಮನ ಸಕ್ಕರೆ ಈಗ ಹತೋಟಿಯಲ್ಲಿದೆ. ಗೊತ್ತಿರುವ ಡಾಕ್ಟರು ತಪ್ಪದೆ ನೋಡುತ್ತಿರುವುದೇ ಅದಕ್ಕೆ ಕಾರಣವೆಂದು ನಾನು ನಂಬಿದ್ದೇನೆ. ಕೆಲಸಕ್ಕೆ ಸೇರಿದ ದಿನವೇ ಪ್ರತಿ ಕಾರ್ಮಿಕರಿಗೂ ಅವರ ಡಿಸ್ಪೆನ್ಸರಿಯ ಹೆಸರು, ವಿಳಾಸ, ತೆರೆದಿರುವ ಸಮಯವನ್ನು ಕನ್ನಡದಲ್ಲಿ ಬರೆದುಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಈ ಚಿಕಿತ್ಸೆಗಾಗಿಯೇ ಪ್ರತಿ ತಿಂಗಳೂ ನಮ್ಮ ಸಂಬಳದಿಂದ ಹಣ ಹೋಗುತ್ತಿದೆ.